ತಲೆಯ ಸಹಜ ಆಕಾರ

ಬೆಳಗಿನ ನಾಲ್ಕೂವರೆಗೆ ಮ್ದಾಂಟ್ಸಾನೆಯಿಂದ ಮೊದಲ ಟ್ಯಾಕ್ಸಿ.
ಹದಿನೈದು ಸೀಟಿಗೆ ಹದಿನೆಂಟು ಹೆಂಗಸರು,
ಎಲ್ಲರೂ ಈಸ್ಟ್ ಲಂಡನ್ನಿನಲ್ಲಿ ಯಾರದೋ ನೆಲ ಒರೆಸಲು ಹೊರಟವರು.
ನಾನೊಬ್ಬಳು ನೀರು ಗುಡಿಸುವವಳು.

ಕ್ಲಬ್ಬಿನ ಕೊಳ. ಎಂಟು ಪಥ.
ಉದ್ದ ಕೋಲಿನ ಬಲೆಯಲ್ಲಿ ಎತ್ತುತ್ತೇನೆ
ಎಲೆ, ನೊಣ, ಬಿಸಿಲಿಗೆ ಹಚ್ಚಿದ ಕ್ರೀಮಿನ ಜಿಡ್ಡು,
ಜೋಳದ ತೆನೆಯ ರೇಷ್ಮೆಯಂಥ ಕೂದಲು.
ಒಮ್ಮೆ ಒಂದು ಮುತ್ತಿನ ಓಲೆ ಸಿಕ್ಕಿತು, ಒಯ್ದು ಕೊಟ್ಟೆ.
ಮರುದಿನದಿಂದ ಗೇಟಿನಲ್ಲಿ ನನ್ನ ಚೀಲ ಬಿಚ್ಚಿ ನೋಡುತ್ತಾರೆ.
ಹನ್ನೊಂದು ವರ್ಷವಾಯಿತು. ಈ ನೀರಿಗೂ ನನಗೂ
ಮೊಣಕೈವರೆಗಿನ ಪರಿಚಯ.

ನನ್ನಮ್ಮನಿಗೆ ಅಷ್ಟೂ ಇರಲಿಲ್ಲ.
ಕಡಲ ದಂಡೆಗೂ ಬೋರ್ಡು ನೆಟ್ಟಿದ್ದ ಕಾಲ.
ಒಡತಿಯ ಮಕ್ಕಳ ಈಜುಡುಗೆ ಹಿಂಡಿ ಹಿಂಡಿ
ಬೆರಳು ನೆಕ್ಕಿ ಹೇಳುವಳು:
‘ಇದೇ ಕಣೇ ನೊಝುಕೊ, ಸಮುದ್ರ ಅಂದರೆ.
ಉಪ್ಪು ಸ್ವಲ್ಪ ಜಾಸ್ತಿಯಾಗಿದೆ.’

ಲಿಂಡೆಲ್ವಾಗೆ ಈಜು ಯಾರು ಕಲಿಸಿದರು ಅಂತ ಕೇಳಬೇಡಿ.
ಸೋಮವಾರ ಕ್ಲಬ್ಬಿಗೆ ರಜೆ.
ಕಾವಲಿನ ಮ್ಬುಯಿಸೆಲೊ ಮುದುಕ ಬೆನ್ನು ತಿರುಗಿಸಿ ಕೂತು
‘ನಾನು ಕಾಯೋದು ಗೇಟು, ನೀರನ್ನಲ್ಲ’ ಅನ್ನುತ್ತಿದ್ದ.
ಪಂಪಿನ ಕೋಣೆಯ ಹಿಂದಿನಿಂದ ನನ್ನ ಮಗಳು
ಕಪ್ಪೆಮರಿಯಂತೆ ಜಾರಿ ಹೋಗಿ
ಒಂದು ದಿನ ಆಚೆ ದಡದಲ್ಲಿ ಎದ್ದಳು.

ಶಾಲೆಗಳ ಸ್ಪರ್ಧೆ. ಪ್ರವೇಶಕ್ಕೆ
ಎರಡು ವಾರದ ಹಿಟ್ಟಿನ ದುಡ್ಡು.
ಅವಳ ಜಡೆಗಳು ಅವರ ರಬ್ಬರ್ ಟೊಪ್ಪಿಗೆ ಒಳಪಡಲಿಲ್ಲ;
ಒಂದು ಹರಿಯಿತು, ಒಂದು ಚಿಮ್ಮಿ ಹೋಗಿ
ತೀರ್ಪುಗಾರರ ಚಹಾದಲ್ಲಿ ಬಿತ್ತು.
ನಾವು ತಂದಿದ್ದ ದೊಡ್ಡ ಟೊಪ್ಪಿಯನ್ನು
ಪುಸ್ತಕದಾಕೆ ತಿರುವಿ ಮುರುವಿ ನೋಡಿ ಓದಿ ಹೇಳಿದಳು:
‘ತಲೆಯ ಸಹಜ ಆಕಾರಕ್ಕೆ ಹೊಂದುವುದಿಲ್ಲ.’

ಯಾರ ತಲೆಯ?

ಕೆಟ್ಟವಳಲ್ಲ. ಕುಡಿಯಲು ನೀರು ಬೇಕೇ ಅಂತಲೂ ಕೇಳಿದಳು.
‘ಬೇಜಾರಾಗಬೇಡಿ, ನಿಮ್ಮವರ ಮೂಳೆ ಭಾರ,
ಓಟದಲ್ಲಿ ಹಾಕಿ, ಓಟದಲ್ಲಿ ನೀವು ಚೆನ್ನ.’
ಪಕ್ಕದವನು ಮಗಳ ಭುಜ ಅಳೆದು, ಅರ್ಧ ನಗುತ್ತ,
‘ಹುಡುಗಿಯೇ ತಾನೆ?’

ಆ ಭುಜ ನನ್ನಮ್ಮನದು ಸ್ವಾಮಿ.
ನಲವತ್ತು ವರ್ಷ ನಿಮ್ಮ ಚಾದರ ಹಿಂಡಿದ ಭುಜ.
ಆಗ ಯಾರೂ ಕೇಳಲಿಲ್ಲ
ಹೆಂಗಸೋ, ಗಂಡಸೋ ಅಂತ.

ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.
ಅಲ್ಲಿ ‘ಯೆಸ್ ಮೇಡಂ’ ಅಂದೆ.

ರಾತ್ರಿ ಕತ್ತರಿ ತಂದೆ. ಒಂದೇ ಸಲ ಕತ್ತರಿಸಿಬಿಡೋಣ,
ಕೂದಲು ಮತ್ತೆ ಬರುತ್ತದೆ, ಅವಕಾಶ ಬರುವುದಿಲ್ಲ.
ಹೋಮ್‌ವರ್ಕಿನಿಂದ ತಲೆ ಎತ್ತದೆ ಅಂದಳು:
‘ನಾಳೆ ಭುಜ ಕೇಳುತ್ತಾರೆ, ಅದಕ್ಕೂ ಕತ್ತರಿ ತರ್ತೀಯಾ?’
ಕತ್ತರಿಯನ್ನು ಸೂಜಿಡಬ್ಬಿಗೆ ಹಾಕಿದೆ.
ಮುಚ್ಚಳ ಬಹಳ ಹೊತ್ತು ಸರಿಯಾಗಿ ಕೂರಲಿಲ್ಲ.

ಮುಂದಿನ ಸೋಮವಾರ ಅವಳು ಈಜಲಿಲ್ಲ.
ಮೆಟ್ಟಿಲ ಮೇಲೆ ನಿಂತು ‘ಬಾ’ ಅಂದಳು.
ನಾನು? ಸಮವಸ್ತ್ರದಲ್ಲಿ?
ಮುದುಕ ಆಗಲೇ ಬೆನ್ನು ತಿರುಗಿಸಿದ್ದ.

ಮೊಣಕಾಲು, ಸೊಂಟ. ಅಯ್ಯೋ, ಎದೆ.
ಬೆನ್ನ ಕೆಳಗೆ ಅವಳ ಒಂದು ಅಂಗೈ,
ಹೆರಿಗೆಯ ದಿನ ನಾನು ಅವಳನ್ನು ಹಿಡಿದಷ್ಟೇ ಹುಷಾರಾಗಿ.
ಕಿವಿಗೆ ನೀರು ತುಂಬಿ ಊರೆಲ್ಲ ಸುಮ್ಮನಾಯಿತು.
ಯಾವಾಗ ಕೈ ತೆಗೆದಳೋ, ಗೊತ್ತಿಲ್ಲ.
ಭಾರದ ಮೂಳೆಗಳೆಲ್ಲ ಮೇಲೇ ಇದ್ದವು,
ಮೋಡದ ಕೆಳಗೆ, ನೀಲಿ ಏಪ್ರನ್ನಿನ ಸಮೇತ.

ಆಮೇಲೆ ಬಲೆ ಹಿಡಿದು ಕೊಳ ಗುಡಿಸಿದೆ.
ಒಂದು ಗುಂಗುರು ಕೂದಲು, ಕರಿದು, ನನ್ನದೋ ಅವಳದೋ,
ಮೂರನೇ ಪಥದಲ್ಲಿ ತೇಲುತ್ತಿತ್ತು.
ಅದನ್ನು ಎತ್ತಲಿಲ್ಲ.

ವಾಪಸ್ ಟ್ಯಾಕ್ಸಿಯಲ್ಲಿ ನನ್ನ ತಲೆಯ ನೀರು
ಪಕ್ಕದವಳ ತೋಳಿನ ಮೇಲೆ ತೊಟ್ಟಿಕ್ಕಿ
ಅವಳು ಮೂಸಿ ಕೇಳಿದಳು, ‘ಏನೇ ಇದು ವಾಸನೆ?’

‘ಕೆಲಸದ್ದು’ ಅಂದೆ.