ಓರೆಗಣ್ಣು

ನ್ಯೂಟೌನಿನಿಂದ ಹತ್ತೂಕಾಲರ ರೈಲಿಗೆ ಬಂದಳು
ಮೇರಿಯಲ್ ಪ್ರಾಸರ್, ಅಂಚೆ ಹಂಚುವಾಕೆ.
ಶ್ರೂಸ್‌ಬರಿಯ ನಮ್ಮ ಓಣಿಯಲ್ಲಿ ಮನೆ ನಂಬರು ಹುಡುಕುವುದನ್ನು
ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.
ಹಿಂದಿನ ರಾತ್ರಿಯೇ ಬಾನೆಟ್ಟಿಗೆ ಮೇಣ ತಿಕ್ಕಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ.
ಎಣ್ಣೆ ಬಿಟ್ಟದ್ದು ಗಾಡಿಗೆ;
ಕಣ್ಣಿಗೆ ಈಗ ಯಾವ ಎಣ್ಣೆಯೂ ತಾಗುವುದಿಲ್ಲ.

ಅದನ್ನು ಅವಳಿಗೆ ಹೇಳಲಿಲ್ಲ.

ಹೇಳಿದ್ದು ಇಷ್ಟು:
ಮಾರಿಸ್ ಮೈನರ್, ಐವತ್ನಾಲ್ಕರದು, ಹಸಿರು.
ಚರ್ಚ್ ಸ್ಟ್ರೆಟನ್ನಿನ ಆಚೆ ಒಂದು ಕೊಟ್ಟಿಗೆಯಲ್ಲಿ ಸಿಕ್ಕಿತು;
ಒಳಗೆ ಕೋಳಿಗಳು ಸಂಸಾರ ಹೂಡಿದ್ದವು.
ಹಿಂದಿನ ಸೀಟು ಎತ್ತಿದರೆ ಒಂದು ಮೊಟ್ಟೆ,
ಯಾವ ಕಾಲದ್ದೋ, ಅಲ್ಲಾಡಿಸಿದರೆ ಗಿಲಕಿಯ ಸದ್ದು.
ನೆಲದ ತಗಡನ್ನು ತುಕ್ಕು ತಿಂದು ಮುಗಿಸಿತ್ತು,
ಕೂತವನ ಕಾಲಡಿ ಹುಲ್ಲು ಕಾಣುತ್ತಿತ್ತು.
ಏಳು ಚಳಿಗಾಲ ಹಿಡಿಯಿತು.

ಮೂವತ್ತೆರಡು ವರ್ಷ ಲ್ಯಾಬಿನಲ್ಲಿ ಕೂತು ಹಲ್ಲು ಕಟ್ಟಿದವನು ನಾನು.
ಈ ಊರಿನ ಎಷ್ಟೋ ನಗು ರಾತ್ರಿ ಲೋಟದಲ್ಲಿ ಮಲಗುತ್ತದೆ.
ಹಲ್ಲಿಗೆ ಹೊಳಪು ಕೊಡುವ ಪುಡಿಯಲ್ಲೇ ಬಂಪರು ಉಜ್ಜಿದೆ,
ಮೇಣ ಕೆತ್ತುವ ಚೂರಿಯಲ್ಲೇ ಕಾರ್ಬುರೇಟರಿನ ಮೂಗು ಬಿಡಿಸಿದೆ.
ಚೋಕಿನ ಗುಂಡಿ ಎಲ್ಲಿಯೂ ಸಿಗದೆ
ಕಟ್ಟುಹಲ್ಲಿನ ಅಕ್ರಿಲಿಕ್ಕಿನಲ್ಲಿ ಅಚ್ಚು ಹಾಕಿದೆ.
"ಇದೇಕೆ ಹೀಗೆ ಗುಲಾಬಿ?" ಎಂದಳು.
"ಒಸಡಿನ ಬಣ್ಣ."
ಥಟ್ಟನೆ ಕೈ ಹಿಂದೆಳೆದು, ಆಮೇಲೆ ನಕ್ಕಳು.
ನಗುವಿನಲ್ಲಿ ಸಣ್ಣಗೆ ಗಾಳಿ ಸೋರಿತು:
ಮೇಲಿನ ಎರಡು ಮುಂಬಲ್ಲುಗಳ ನಡುವೆ ಸಂದಿಯಿದೆ.
ನನಗೆ ಕೇಳಿದರೆ ಸಾಕು.

ಸೆವರ್ನ್ ಸೇತುವೆ ದಾಟಿ ಒಂದು ಸುತ್ತು.
ಅವಳು ಓಡಿಸಿದಳು, ನಾನು ಕಿವಿಯಾದೆ.
ಮೊದಲ ಗೇರಿಗೆ ಗಾಡಿ ಪೂರ್ತಿ ನಿಲ್ಲಬೇಕಮ್ಮಾ, ಅವಸರ ಅದಕ್ಕಾಗದು.
ಇಳಿಜಾರಿನಲ್ಲಿ ಕಾಲು ತೆಗೆದರೆ ಹೊಗೆಗೊಳವೆ ಪುರ್ರೆನ್ನುತ್ತದೆ;
ಮುಜುಗರಪಡಬೇಡ, ಮರ್ಯಾದಸ್ಥ ಗಾಡಿಯೇ.

"ಇಷ್ಟು ಅಕ್ಕರೆಯಿದ್ದೂ ಯಾಕೆ ಮಾರುತ್ತೀರಿ?"
"ಜಾಗ ಸಾಲದು" ಎಂದೆ.
ಗ್ಯಾರೇಜಿನ ಬಾಗಿಲಲ್ಲಿ ಚಂಪಾ ಕೆಮ್ಮಿದಳು,
"ಫ್ರೀಜರ್ ಇಡಬೇಕಿತ್ತು" ಎಂದು ನನ್ನ ಸುಳ್ಳಿಗೊಂದು ಊರುಗೋಲು ಕೊಟ್ಟಳು.

ಆಗಸ್ಟಿನಿಂದ ಬಾಗಿಲ ಚೌಕಟ್ಟು ಹೊಟ್ಟೆ ಬಿಟ್ಟಿದೆ,
ರಸ್ತೆಯ ಬಿಳಿ ಗೆರೆ ಹಾವಾಗಿ ಹರಿದಿದೆ.
ಎದುರಿಗೆ ನಿಂತವರ ಮುಖದ ನಡುವೆ
ಯಾರೋ ಹೆಬ್ಬೆಟ್ಟೊತ್ತಿ ಒರೆಸಿದ್ದಾರೆ;
ಕಿವಿಗಳಿವೆ, ಟೋಪಿಯಿದೆ, ನಡುವೆ ಮಂಜು.
ಲೈಸೆನ್ಸು ಅಂಚೆಯಲ್ಲಿ ವಾಪಸು ಹೋಯಿತು.
ಕಡಲೆ ಇದ್ದವನಿಗೆ ಹಲ್ಲಿಲ್ಲವೆಂಬ ಗಾದೆಗೆ
ನನ್ನ ಕಸುಬಿನಲ್ಲಿ ಮದ್ದಿತ್ತು.
ಇದಕ್ಕೆ ಅಚ್ಚು ಹಾಕಲು ಬಾರದು.

ಆರು ಸಾವಿರದ ಇನ್ನೂರು ಪೌಂಡು.
ಕೇಳದೆಯೇ ಗಟ್ಟಿಯಾಗಿ ಎಣಿಸಿದಳು.
ರುಜು ಮಾಡುವಾಗ ಚಂಪಾ ನನ್ನ ಬೆರಳು ಹಿಡಿದು
ಗೆರೆಯ ಮೇಲೆ ಇಟ್ಟಳು;
ಮೇರಿಯಲ್ ಆಗ ಗೋಡೆಯ ಕ್ಯಾಲೆಂಡರನ್ನು
ಬಹಳ ಹೊತ್ತು ಓದಿದಳಂತೆ.

ಹೊರಟ ಮೇಲೆ ನೆನಪಾಯಿತು.
ಬಲಕ್ಕೆ ತಿರುಗುವಾಗ ಬಾಗಿಲ ಕಂಬದಿಂದ ಮೇಲೇಳುವ
ಆ ಗೇಣುದ್ದದ ಕಿತ್ತಳೆ ಕೈ
ಒಮ್ಮೊಮ್ಮೆ ಹಟ ಹಿಡಿಯುತ್ತದೆ,
ಒಳಗಿನಿಂದ ಒಂದು ಗುದ್ದು ಬೇಕು.
ಹೇಳಿರಲಿಲ್ಲ.
ಓಣಿಯ ತುದಿಯಲ್ಲಿ ಇಂಜಿನ್ನು ನಿಂತಲ್ಲೇ ಗುನುಗಿತು. ಬಹಳ ಹೊತ್ತು.
ಆಮೇಲೆ, ಧಪ್.

ನಾನು ಬೇಲಿಯ ಕಡೆ ಮುಖ ತಿರುಗಿಸಿದೆ.
ಎದುರುಮನೆಯ ಕ್ಲೈವ್ ಬಂದು ಭುಜ ತಟ್ಟಿದ:
"ನೋಡೋಕಾಗಲ್ಲ, ಅಲ್ವಾ?"
ಹೌದೆಂದೆ. ವಿವರಿಸಲು ಪುರುಸೊತ್ತಿರಲಿಲ್ಲ.
ನೆಟ್ಟ ನೋಟಕ್ಕೆ ಅಳಿಸಿಹೋಗುವುದು
ಹೀಗೆ ಮುಖ ಹೊರಳಿಸಿದರೆ ಕಣ್ಣಂಚಿಗೆ ಬರುತ್ತದೆ:
ಅಷ್ಟು ಹಸಿರು, ಅದರ ಪಕ್ಕೆಯಲ್ಲಿ ಎದ್ದ ಕಿತ್ತಳೆ,
ಪೂರ್ತಿ ತಿರುಗುವವರೆಗೂ.