ನೂರೆಂಬತ್ತು ವೋಲ್ಟು

ಗೋಣಿಕೊಪ್ಪದ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ
ಅಂದುಕ್ಕ ಹಳೆಯ ಪೇಪರು ಹಾಸಿ
ಮೂರು ಜೋಡಿ ವಾಲ್ವ್ ಮಲಗಿಸಿದರು.

ಮೊದಲನೆಯದು ಚೆನ್ನೈಯಿಂದ ಕೊರಿಯರಿನಲ್ಲಿ ಬಂದದ್ದು.
ಸಿಕ್ಸ್ ಎಲ್ ಸಿಕ್ಸ್. ಡಬ್ಬಿಯ ಮೇಲೆ ರಷ್ಯದ ಅಕ್ಷರ,
ಎರಡೂ ಒಂದೇ ಕರೆಂಟು ಎಳೆಯುತ್ತವೆಂದು ಅಳೆದ ಚೀಟಿ.
ಎರಡನೆಯದು ಇ ಎಲ್ ತರ್ಟಿಫೋರ್,
ಮುಚ್ಚಿಹೋದ ಟಾಕೀಸಿನ ಆಂಪ್ಲಿಫೈಯರಿನಿಂದ ಕಳಚಿದ್ದು.
ಎಷ್ಟು ಖಳನಾಯಕರ ನಗು ದಾಟಿದೆಯೋ
ಈ ಗಾಜಿನೊಳಗಿಂದ.
ಮೂರನೆಯದು ಜೋಡಿಯೇ ಅಲ್ಲ,
ಒಂದು ಇಲ್ಲಿಯದು, ಇನ್ನೊಂದು ಎಲ್ಲಿಯದೋ.
"ಹೊಂದಿಕೊಂಡು ಹೋಗ್ತವೆ," ಎಂದರು,
"ನಾನೂ ಕದೀಜಳೂ ಹೋಗಲಿಲ್ಲವಾ?"

ರೊಬಸ್ಟಾ, ಅರೇಬಿಕಾ ಇದ್ದ ಹಾಗಾ ಎಂದು ಕೇಳಿದೆ.
"ಅದೊಂದು ಬಿಟ್ಟು ಬೇರೆ ಹೇಳು ಮೋಳೆ.
ಈ ಊರಿನವರಿಗೆ ಸ್ವರ್ಗವನ್ನೂ ಕಾಫಿಗೇ ಹೋಲಿಸಿ ಅಭ್ಯಾಸ."

ಬಯಾಸ್ ತಿರುಗಿಸುವಾಗ ಅವರ ಎಡಗೈ ಜೇಬಿನೊಳಗೆ.
ನಾನೂರು ವೋಲ್ಟು ಒಂದು ಕೈಯಿಂದ ಹೊಕ್ಕು
ಎದೆ ದಾಟಿ ಇನ್ನೊಂದರಿಂದ ಹೊರಡಬಾರದೆಂದು
ಉಸ್ತಾದ್ ಹೊಡೆದು ಕಲಿಸಿದ್ದಂತೆ.

ಇ ಮೇಜರ್ ಮೀಟಿದೆ.
ರಷ್ಯದ ಜೋಡಿಯಲ್ಲಿ ಆರೂ ತಂತಿ ಬೇರೆಬೇರೆಯಾಗಿ ನಿಂತವು,
ಎಣ್ಣೆ ಹಚ್ಚಿ ಬಾಚಿದ ತಲೆಗಳ ಶಾಲೆಯ ಸಾಲು.
ತಪ್ಪು ಬೆರಳಿಟ್ಟರೆ ತಪ್ಪೆಂದೇ ಕೇಳಿಸಿತು.
ಟಾಕೀಸಿನದರಲ್ಲಿ ನಡುವೆ ದಪ್ಪ, ತುದಿಗೆ
ಒಂದು ತೊಟ್ಟು ಕಾಚಂಪುಳಿ.
ದವಡೆ ತಾನಾಗಿ ಬಿಗಿಯಿತು. ಇದೇ, ಎಂದೆ.

"ಇಲ್ಲಿ ಕೇಳಿ ಇದೇ ಅನ್ನಬೇಡ.
ಇಲ್ಲಿ ಇನ್ನೂರ ಮೂವತ್ತು ಬರ್ತದೆ.
ನೀನು ನುಡಿಸುವುದು ಎಲ್ಲಿ?"

ಬಾಳೆಲೆಯಲ್ಲಿ. ಶನಿವಾರ ಮದುವೆ,
ವಾಲಗದವರು ಊಟಕ್ಕೆದ್ದ ಮೇಲೆ ನಮ್ಮ ಬ್ಯಾಂಡು.

ಹಾಗಾಗಿ ಗುರುವಾರ ಸಂಜೆ ಜೀಪಿನ ಹಿಂದೆ ಆಂಪು,
ನನ್ನ ಮಡಿಲಲ್ಲಿ ಶೂ ಡಬ್ಬಿ,
ಒಂದೊಂದು ವಾಲ್ವಿಗೆ ಒಂದೊಂದು ಕಾಲುಚೀಲ
ಕದೀಜತ್ತ ಹುಡುಕಿ ಕೊಟ್ಟದ್ದು.
ಹಾಲಿನ ಪ್ಲಗ್ಗಿಗೆ ಮೀಟರ್ ಚುಚ್ಚಿದರು: ನೂರೆಂಬತ್ತು.
ಹೂಮಳೆ ತಪ್ಪಿದ ಮಾರ್ಚ್.
ಲಕ್ಷ್ಮಣತೀರ್ಥದ ಉದ್ದಕ್ಕೂ ಮೋಟರುಗಳು ಬಾಯಿಟ್ಟು
ಹೊಳೆಯನ್ನೂ ಕರೆಂಟನ್ನೂ ಒಟ್ಟಿಗೇ ಹೀರುತ್ತಿದ್ದವು.

"ಗೋಡೆ ಕಡೆ ತಿರುಗು. ನೋಡಿದರೆ ಕಣ್ಣೇ ಕೇಳಿಬಿಡ್ತದೆ."

ತೀರಿಕೊಂಡ ಅಧ್ಯಕ್ಷರುಗಳ ಫೋಟೋ ಎದುರು ನುಡಿಸಿದೆ.
ನನ್ನ ಬೆನ್ನ ಹಿಂದೆ ಅವರು ಕಳಚಿದರು, ತಣಿಯಲು ಬಿಟ್ಟರು,
ಬೇರೆ ಹಾಕಿದರು, ಬಾಯಿಬಿಡಲಿಲ್ಲ.
ಒಂದು ಜೋಡಿ ಹಸಿದವರಂತೆ ತೆಳ್ಳಗೆ ಹಾಡಿತು.
ಒಂದು ಕೆಮ್ಮಿತು.
ಇನ್ನೊಂದು, ಕೆಳಗೆಲ್ಲೋ ಸಣ್ಣಗೆ ಗುಂಯ್‌ಗುಡುತ್ತಾ,
ಮೀಟಿದ ಮೇಲೆ ಒಂದು ಗಳಿಗೆ ಯೋಚಿಸಿ
ಆಮೇಲೆ ಅಗಲವಾಗಿ ಬಂತು,
ಕೇಳಿದ ಪ್ರಶ್ನೆಯನ್ನು ಮನೆಗೊಯ್ದು
ಮರುದಿನ ಉತ್ತರ ತರುವವರ ಹಾಗೆ.

ಆನೆ ಕಂಬಕ್ಕೆ ಒರಗಿತೋ ಏನೋ,
ಊರಿಗೆ ಊರೇ ಕತ್ತಲಾಯಿತು.
ಫ್ಯಾನು ಸೋತು ನಿಂತಿತು.
ನನ್ನ ಎ ಮೈನರ್ ಮಾತ್ರ ಹೋಗಲಿಲ್ಲ.
ಕೆಪಾಸಿಟರಿನ ತಳದಲ್ಲಿ ಉಳಿದಿದ್ದನ್ನು ಉಣ್ಣುತ್ತಾ
ಎರಡು, ಮೂರು ಎಣಿಸುವಷ್ಟು ಹೊತ್ತು
ಇತ್ತು,
ಕಡೆಗೆ ಹೊಗೆಯಾಡಿದಂತೆ ಒರಟಾಗಿ
ಇಲ್ಲವಾಯಿತು.

ತಿರುಗಿದರೆ ಜಾಲರಿಯೊಳಗೆ ಎರಡು ಕೆಂಡ,
ಒಂದು ಇನ್ನೊಂದಕ್ಕಿಂತ ಬೇಗ ಆರುತ್ತಿತ್ತು.

ಯಾವುದಿದು, ಎಂದೆ.
"ಮುಟ್ಟಬೇಡ, ಸುಡ್ತದೆ," ಎಂದರು ಅಷ್ಟೆ.

ಡಬ್ಬಿಗೆ ಕೈ ಹಾಕಿ ತಡಕಿದೆ.
ನಾಲ್ಕು ಕಾಲುಚೀಲ ಗಾಜಿನಿಂದ ಬಿಗಿದಿದ್ದವು.
ಖಾಲಿ ಸಿಕ್ಕ ಎರಡರಲ್ಲಿ
ಒಂದು ಉಣ್ಣೆಯದು, ಒಂದು ನೈಲಾನು.

ಆಗ ಬಾಗಿಲಲ್ಲಿ ಬೀಡಿಯ ಕಿಡಿಯ ಹಿಂದಿನಿಂದ
ವಾಚ್‌ಮನ್ ಕುಟ್ಟನ ದನಿ:
"ಚಿಂತೆ ಮಾಡಬೇಡಿ, ಶನಿವಾರಕ್ಕೆ
ಮದುಮಗನ ಕಡೆಯವರು ಜನರೇಟರ್ ತರ್ತಾರೆ.
ಫುಲ್ ವೋಲ್ಟೇಜು."

ಅಂದುಕ್ಕ ಏನೂ ಹೇಳದೆ
ಜೇಬಿನಿಂದ ಎಡಗೈ ಹೊರತೆಗೆದು
ತಲೆ ಕೆರೆದುಕೊಂಡ ಸದ್ದು ಕೇಳಿಸಿತು.