ಒಣ ಗುತ್ತಿಗೆ

ಕರಾರುಪತ್ರದ ಭಾಷೆಯಲ್ಲಿ ಇದು ಒಣ ಗುತ್ತಿಗೆ.
ಅಂದರೆ ಬರೀ ವಿಮಾನ. ಪೈಲಟ್ ನಾನೇ,
ಇಂಧನ ನನ್ನದು, ಬಿದ್ದರೆ ಹೊಣೆಯೂ ನನ್ನದು.
ಮಾಲೀಕ ಡೆಲ್ಬರ್ಟ್ ಆಂಕರೇಜಿನಲ್ಲಿ ಕೂತು
ತಿಂಗಳಿಗೊಮ್ಮೆ ಚೆಕ್ಕಿನ ದಾರಿ ಕಾಯುತ್ತಾನೆ.
ಪೈಲಟ್ಟನ್ನೂ ಸೇರಿಸಿ ಕೊಟ್ಟರೆ ಹಸಿ ಗುತ್ತಿಗೆ;
ಆಗ ಬೇರೆ ಲೈಸೆನ್ಸು, ಬೇರೆ ತಪಾಸಣೆ, ಬೇರೆಯೇ ದೇವರು.

ಮಟ್ರೋನಾ ಅಜ್ಜಿ ಕೇಳಿ ನಕ್ಕಿದ್ದಳು:
'ಮೀನಿಗೂ ಅದೇ ಕಾನೂನು ಕಣೋ.
ಹಸಿದು ಇವತ್ತೇ ತೀರಬೇಕು,
ಒಣಗಿದ್ದು ಚಳಿಗಾಲ ದಾಟುತ್ತೆ.'

ಈಗ ಬೆಥೆಲ್‌ನ ಕಚೇರಿ. ಹೀಟರು ಟಿಕ್ ಟಿಕ್.
ಇನ್ಸ್‌ಪೆಕ್ಟರ್ ಲಿಂಡ್‌ಕ್ವಿಸ್ಟ್ ಒಳ್ಳೆಯವನೇ,
ಬೂಟಿನ ಮಂಜು ಬಾಗಿಲಲ್ಲೇ ಕೊಡವಿ ಬಂದವನು.
'ಮಾರ್ಚ್ ಒಂಬತ್ತು. ಹಿಂದಿನ ಸೀಟಿನಲ್ಲಿ?'
ಮಟ್ರೋನಾ. ತಂಗಿಯ ಮಣ್ಣಿಗೆ ಹೊರಟಿದ್ದಳು.
'ದುಡ್ಡು?'
ಇಲ್ಲ.
'ನಿಮಗೂ ಅಲ್ಲೇ ಕೆಲಸವಿತ್ತೋ,
ಅವಳಿಗೆಂದೇ ಹೋದಿರೋ?'
ಸ್ನೋಮೊಬೈಲಿನ ಬೆಲ್ಟು ತರೋದಿತ್ತು, ಅಂದೆ.
ಬೆಲ್ಟು ಇಲ್ಲಿ, ಇದೇ ಬೀದಿಯಲ್ಲಿ ಸಿಗುತ್ತದೆ.
ಅವನಿಗೂ ಗೊತ್ತು. ಕಿಟಕಿಯಿಂದ ಅಂಗಡಿ ಕಾಣುತ್ತಿತ್ತು.

ಆಮೇಲೆ ತೂಕದ ಚೀಟಿ ತೆಗೆದ, ನನ್ನದೇ ಕೈಬರಹ:
ಅಜ್ಜಿ ನೂರಿಪ್ಪತ್ತೆಂಟು ಪೌಂಡು,
ಹೊಸ ಕಂಬಳಿಯ ಪೆಟ್ಟಿಗೆ ಹನ್ನೊಂದು,
ಒಣಮೀನು ನಾಲ್ಕು.
'ಮೀನು ಯಾರದು?'
ಅವಳು ಕೊಟ್ಟದ್ದು.
'ಹಾರುವ ಮೊದಲೇ ಬರೆದಿದ್ದೀರಿ. ಮುಂಗಡವೋ?'

ಏನೆಲ್ಲ ಹೇರುತ್ತೀಯೋ ಎಲ್ಲವನ್ನೂ ತೂಗು:
ಅದೂ ನಿಮ್ಮದೇ ನಿಯಮ ಸ್ವಾಮಿ, ಅಂದೆ.
ಒಂದು ನಿಯಮ ಪಾಲಿಸಿದ್ದಕ್ಕೆ
ಇನ್ನೊಂದರ ಕೈಗೆ ಸಿಕ್ಕಿಬಿದ್ದೆ.

ಇಂಧನದ ಖರ್ಚನ್ನು ತಲೆಗಿಷ್ಟು ಹಂಚಿಕೊಳ್ಳಬಹುದಂತೆ,
ಅದಕ್ಕಿಂತ ಒಂದು ಕಾಸು ಹೆಚ್ಚು ಕೂಡದು.
ಪ್ರತಿಫಲವೆಂದರೆ ಹಣವೇ ಆಗಬೇಕಿಲ್ಲವಂತೆ.
'ನಾಳೆ ಅವಳು ಊರಲ್ಲಿ ನಿಮ್ಮನ್ನು ಹೊಗಳಿದರೆ,
ಆ ಒಳ್ಳೆ ಹೆಸರೂ ಲೆಕ್ಕಕ್ಕೆ ಬರುತ್ತೆ.'
ಬಾಯಿ ಮುಚ್ಚಿಕೊಂಡಿರು ಅಂತ ಅಜ್ಜಿಗೆ ಹೇಳೋರು ಯಾರು?

'ಮೀನು ಈಗ ಎಲ್ಲಿ?'
ತಿಂದಾಯಿತು. ನಾನು, ಮಗಳು,
ಡೆಲ್ಬರ್ಟನಿಗೂ ಎರಡು ತುಂಡು ಅಂಚೆಯಲ್ಲಿ.
ಪೆನ್ನು ನಿಂತಿತು.
'ಮಾಲೀಕನಿಗೂ?' ಅಂದವನು
ಎದ್ದು ಹೋಗಿ ಕಾಫಿ ಬಗ್ಗಿಸಿಕೊಂಡ.
ನನಗೂ ಒಂದು ಲೋಟ ತಂದಿಟ್ಟ.
ಇದಕ್ಕೆ ಏನು ಕೊಡಬೇಕೆಂದು ನಾನು ಕೇಳಲಿಲ್ಲ.

ತೊಂಬತ್ತು ದಿನ ಹಾರುವಂತಿಲ್ಲ.
ಬಾಡಿಗೆಯ ಮೀಟರು ಮಾತ್ರ ಓಡುತ್ತಿದೆ.
ಭಾನುವಾರ ಭಾನುವಾರ ಹೋಗಿ
ಕಟ್ಟಿಹಾಕಿದ ವಿಮಾನದ ಇಂಜಿನ್ನು ಬಿಸಿ ಮಾಡಿ ಬರುತ್ತೇನೆ,
ಒಬ್ಬನೇ, ನೆಲದ ಮೇಲೆ, ಪೂರ್ತಿ ಕಾನೂನುಬದ್ಧವಾಗಿ.
ಹೀಟರು ಹಾಕಿದೊಡನೆ ಹಿಂದಿನ ಸೀಟಿನಿಂದ
ಹೊಗೆಯಾಡಿಸಿದ ಸಾಲ್ಮನ್ನಿನ ವಾಸನೆ ಏಳುತ್ತದೆ.